ಕಳೆನಾಶಕವೂ ಕಂಪವಾತವೂ

ಬುಕ್ಕಾಂಬುಧಿ, ಅಜ್ಜಂಪುರದ ಕಡೆಯ ರೈತರಿಗೆ ತಳಿಯ ಗುಣವನ್ನು ಹೊಸದಾಗಿ ವಿವರಿಸಬೇಕಾದುದಿಲ್ಲ. ಅಮೃತಮಹಲ್ ರಾಸುಗಳ ತಳಿಸಂವರ್ಧನ ಕೇಂದ್ರವು ಅವರ ನೆರೆಯಲ್ಲಿಯೇ ಇರುವುದು. ಒಂದೇ ಬಿಸಿಲು, ಒಂದೇ ಮೇವು. ಆದಾಗ್ಯೂ ಒಂದು ತಳಿ ತಾಳುವುದು, ಮತ್ತೊಂದು ಸೊರಗುವುದು. ವಿಷದ ವಿಷಯದಲ್ಲಿಯೂ ಹೀಗೆಯೇ ಎಂಬುದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಇಲಿಗಳಿಂದ ತಿಳಿದುಬಂದಿರುತ್ತದೆ. ಕಳೆಗೆ ಔಷಧಿ ಹೊಡೆಯಿಸುವ ಜಮೀನುದಾರರು ಇದನ್ನು ಗಮನಿಸತಕ್ಕದ್ದು.

ಕೈಕಾಲು ನಡುಗುವುದು, ಮೈ ಬಿಗಿಯುವುದು, ನಡಿಗೆ ಕುಂಠಿತವಾಗುವುದು, ಇವು ಪಾರ್ಕಿನ್‌ಸನ್ ರೋಗದ ಲಕ್ಷಣಗಳು. ನಮ್ಮ ಪಂಡಿತರು ಕಂಪವಾತವೆನ್ನುವರು. ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯವನ್ನು ಉತ್ಪತ್ತಿಮಾಡುವ ಜೀವಕಣಗಳು ನಶಿಸುವುದರಿಂದ ಇವು ತಲೆದೋರುವುವು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಿಂದ ತಯಾರಾದ ಮಾದಕದ್ರವ್ಯವನ್ನು ಚುಚ್ಚಿಕೊಂಡ ಕೆಲವರು ತರುಣ ವಯಸ್ಸಿನಲ್ಲಿಯೇ ಮರದ ಬೊಂಬೆಗಳಂತೆ ಸೆಟೆದುಹೋದರು. ಅದರಲ್ಲಿ ಬೆರೆತಿದ್ದ ಎಂ.ಪಿ.ಟಿ.ಪಿ. ಎಂಬ ವಿಷವೇ ಕಾರಣವೆಂದು ಗೊತ್ತಾಗಿ, ಅಂದಿನಿಂದ ಅದನ್ನು ಕೋತಿಗಳಿಗೂ ಇಲಿಗಳಿಗೂ ಕೊಟ್ಟು ರೋಗದ ಮೂಲವನ್ನು ಶೋಧಿಸುತ್ತಿರುವರು. ನಿಮ್ಹಾನ್ಸ್‌ನವರು ಈ ವಿಷಕ್ಕೆ ಬೇಗನೆ ತುತ್ತಾಗುವ ಇಲಿಯ ಜಾತಿಯನ್ನೂ ತಾಳುವ ಜಾತಿಯನ್ನೂ ಕೂಡಿಸಿ ಮಿಶ್ರತಳಿಯನ್ನು ಪಡೆದರು. 2017ರಲ್ಲಿ ಪ್ರಕಟವಾದ ವರದಿಯಂತೆ, ಮಿಶ್ರತಳಿಯವು ವಿಷವನ್ನು ಎದುರಿಸಿ ನಿಂತವು.

"ಹತ್ತು ವರ್ಷದಿಂದ ಹೊಡೆಯುತ್ತಿದ್ದೇನೆ, ನನಗೇನಾಯಿತು?" ಎಂಬ ವಾದಕ್ಕೆ ಇದೇ ಉತ್ತರ. ಹೇಳಿದವನು ತಾಳುವ ಮೈಯವನಿರಬಹುದು. ಪಕ್ಕದ ಸಾಲಿನಲ್ಲಿ ಪಂಪು ಹೊತ್ತವನು ಹಾಗಿರಲಾರನು.

ತರುಣರ ವಿಷಕ್ಕೂ ತೋಟಕ್ಕೂ ಏನು ಸಂಬಂಧವೆಂದರೆ, ಎಂ.ಪಿ.ಟಿ.ಪಿ.ಯು ಮಿದುಳಿನಲ್ಲಿ ಮಾರ್ಪಟ್ಟು ತಾಳುವ ರೂಪವು ಪ್ಯಾರಾಕ್ವಾಟ್ ಕಳೆನಾಶಕವನ್ನು ರಚನೆಯಲ್ಲಿ ಬಹಳ ಹೋಲುವುದು. ಪ್ಯಾರಾಕ್ವಾಟ್ ಕೊಟ್ಟ ಇಲಿಗಳಲ್ಲಿ ಅದೇ ಜೀವಕಣಗಳು ನಶಿಸಿದುದನ್ನು ಕೆಲವು ಪ್ರಯೋಗಶಾಲೆಗಳು ಕಂಡಿವೆ; ಬೇರೆ ಕೆಲವು ಕಂಡಿಲ್ಲ. ಇಲಿಯು ಮನುಷ್ಯನಲ್ಲವೆಂಬುದೂ ನಿಜ. ಆದರೆ 2011ರಲ್ಲಿ ಅಮೆರಿಕದ ಅಯೋವ, ಉತ್ತರ ಕ್ಯಾರೊಲಿನ ಸಂಸ್ಥಾನಗಳ ಬೇಸಾಯಗಾರರೇ ಮೊದಲಾದವರನ್ನು ವಿಚಾರಿಸಿದಾಗ, ಪ್ಯಾರಾಕ್ವಾಟ್ ಬಳಸಿದವರಲ್ಲಿ ಈ ರೋಗದ ಸಂಭವವು ಸುಮಾರು ಎರಡೂವರೆ ಪಾಲು ಕಂಡುಬಂದಿತು. ಯುರೋಪು ಒಕ್ಕೂಟದಲ್ಲಿ 2007ರಿಂದ ಇದರ ಬಳಕೆ ಇಲ್ಲ.

ಪೂರ್ಣ ನಿರ್ಣಯವಾಗುವವರೆಗೆ ಕಾಯೋಣವೆನ್ನುವವರಿಗೆ ನನ್ನ ಸಮ್ಮತಿಯಿಲ್ಲ. ಕಾಯುವಷ್ಟು ಕಾಲ ಪ್ರಯೋಗಕ್ಕೆ ಒಳಗಾಗುವವನು ಕೂಲಿಯವನು. ಇಲಿಗಾದರೂ ಲೆಕ್ಕ ಬರೆದಿಡುವವರುಂಟು. ಕುಂಟೆ ಹೊಡೆಯಿಸುವುದು, ಸೋಗೆ ತರಗು ಮುಚ್ಚುವುದು, ಹುರುಳಿ ಬಿತ್ತುವುದು ಸಾಧ್ಯವಿರುವಲ್ಲಿ ಈ ಔಷಧಿಯನ್ನು ತರಿಸಲೇಬಾರದು. ತರಿಸಿದರೆ ಕೈಚೀಲ, ಬೂಟುಗಳನ್ನು ಜಮೀನುದಾರರೇ ಒದಗಿಸತಕ್ಕದ್ದು, ಗಾಳಿಗೆದುರಾಗಿ ಹೊಡೆಯಿಸಬಾರದು, ಸೋರುವ ಪಂಪನ್ನು ಬೆನ್ನಿಗೆ ಏರಿಸಬಾರದು, ಉಳಿದುದನ್ನು ಕುಡಿಯುವ ನೀರಿನ ಸೀಸೆಗೆ ಎಂದಿಗೂ ಸುರಿಯಬಾರದು, ಯಾಕೆಂದರೆ ಒಂದು ಗುಟುಕೇ ಪ್ರಾಣಕ್ಕೆ ಎರವಾಗಬಲ್ಲದು.