ಮೊಟ್ಟೆ ಕಾದರೆ ಸಾಲದು, ಮರಳೂ ಉಳಿಯಬೇಕು

ಡೊಂಬಿವಲಿ, ಠಾಣೆಯ ನಮ್ಮಂಥ ಕರಾವಳಿ ಕನ್ನಡಿಗರ ಮೊಬೈಲಿಗೆ ಊರಿನಿಂದ ಆಗಾಗ ಒಂದು ವಿಡಿಯೊ ಬರುತ್ತದೆ. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಕಡಲಾಮೆ ಮರಿಗಳು ನೀರಿನತ್ತ ತೆವಳುವ ದೃಶ್ಯವದು. ಅರಣ್ಯ ಇಲಾಖೆಯವರೂ ಮೀನುಗಾರರೂ ಮೊಟ್ಟೆ ಕಾದಿದ್ದರ ಫಲ. ನೋಡಿ ಸಂತೋಷಪಡುತ್ತೇವೆ, ನಾಲ್ಕು ಗುಂಪುಗಳಿಗೆ ಕಳಿಸುತ್ತೇವೆ. ಆದರೆ ಇದು ಅರ್ಧ ಕೆಲಸ ಮಾತ್ರ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕರಾವಳಿಗೆ ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ ಆಮೆ. ತಾಯಿ ಆಮೆ ತಾನು ಹುಟ್ಟಿದ ತೀರದ ಆಸುಪಾಸಿಗೇ ಮರಳಿ, ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಡುತ್ತದೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿಯೇ ನಿರ್ಧರಿಸುತ್ತದೆ. ಆ ಮರಳೇ ಹೋದರೆ ಮೊಟ್ಟೆಯನ್ನು ಎಷ್ಟು ವರ್ಷ ಬೇರೆಡೆ ಹೂತು ಕಾಯುವುದು?

ಹೊನ್ನಾವರ ತಾಲೂಕಿನ ಕಾಸರಕೋಡನ್ನೇ ನೋಡಿ. ಇಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಅದೇ ಊರಿನ ಟೊಂಕದಲ್ಲಿ, ಶರಾವತಿ ಕಡಲು ಸೇರುವ ಕಡೆ, ಖಾಸಗಿ ಬಂದರು ಯೋಜನೆಯನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ಅವರು ಮೀನು ಒಣಗಿಸುವ ದಡವೂ ಆಮೆ ಮೊಟ್ಟೆ ಇಡುವ ದಡವೂ ಒಂದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಈ ಆಮೆಯಿದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯೂ ಆಮೆ ಮೊಟ್ಟೆ ಇಡುವ ತಾಣಗಳನ್ನು ಅತಿಸೂಕ್ಷ್ಮ ಪ್ರದೇಶವೆಂದೇ ಎಣಿಸುತ್ತದೆ.

ಬಂದರು ಬಂದರೆ ಊರ ಹುಡುಗರು ಲೋಕಲ್ ರೈಲಿನಲ್ಲಿ ನೇತಾಡಬೇಕಿಲ್ಲ ಎನ್ನುವವರು ನಮ್ಮಲ್ಲಿದ್ದಾರೆ. ಹೊಟ್ಟೆಪಾಡಿಗೆ ಊರು ಬಿಟ್ಟ ನಾನು ಆ ಮಾತನ್ನು ಹಗುರವಾಗಿ ಕಾಣಲಾರೆ. ಆದರೆ ಟೊಂಕದ ದಡ ಈಗಲೂ ನೂರಾರು ಮನೆಗಳ ಒಲೆ ಉರಿಸುತ್ತಿದೆ. ರತ್ನಾಗಿರಿ ಜಿಲ್ಲೆಯ ವೇಳಾಸ್ ಹಳ್ಳಿಯವರು ಆಮೆ ಮರಿ ನೋಡಲು ಬರುವವರಿಗೆ ಮನೆಯಲ್ಲೇ ಊಟ, ವಸತಿ ಕೊಟ್ಟು ಸಂಪಾದಿಸುತ್ತಾರೆ. ಇತ್ತ ನವಿ ಮುಂಬಯಿಯ ನೆರೂಳಿನಲ್ಲಿ, ಡಿಪಿಎಸ್ ಕೆರೆಗೆ ಉಬ್ಬರದ ನೀರು ಬರುವ ದಾರಿ ಮುಚ್ಚಿದ್ದರಿಂದ 2024ರಲ್ಲಿ ಕೆರೆ ಒಣಗಿ ಫ್ಲೆಮಿಂಗೊಗಳು ನೆಲೆ ಕಳೆದುಕೊಂಡದ್ದನ್ನು ನಾವು ಕಂಡಿದ್ದೇವೆ. ನೆಲೆ ಕೆಡಿಸಿದ ಮೇಲೆ ಅತಿಥಿಯನ್ನು ಕರೆದು ಫಲವಿಲ್ಲ.

ಆಮೆ ಬರುವ ಪ್ರತಿ ತೀರವೂ ಸರ್ಕಾರದ ಕರಾವಳಿ ನಕ್ಷೆಯಲ್ಲಿ ಸೇರಬೇಕು. ಅಲ್ಲಿ ರಸ್ತೆ, ತಡೆಗೋಡೆ ಬರಬಾರದು. ನಮ್ಮ ಪಾಲಿನ ಕೆಲಸವೂ ಇದೆ. ಇಲ್ಲಿ ದುಡಿದ ಹಣದಲ್ಲಿ ಊರ ಕಡಲಬದಿಯಲ್ಲಿ ಮನೆ, ಹೋಂಸ್ಟೇ ಕಟ್ಟಿಸುವವರು ಮೊಟ್ಟೆಯ ಕಾಲದಲ್ಲಿ ಕಡಲಿಗೆ ಮುಖ ಮಾಡಿದ ದೀಪ ಆರಿಸಲಿ. ದಡದ ಬೆಳಕನ್ನು ಕಂಡ ಮರಿ ಕಡಲನ್ನು ಬಿಟ್ಟು ಅತ್ತ ತೆವಳುತ್ತದೆ. ವಿಡಿಯೊ ಹಂಚುವ ನಾಲ್ಕು ಗುಂಪುಗಳಿಗೆ ಈ ಮಾತನ್ನೂ ಹಂಚೋಣ.