ಎಂಜಿನ್ ಇಳಿಸಿ ಮೋಟಾರ್ ಏರಿಸುವ ಮುನ್ನ

ನ್ಯಾಮತಿಯ ತೋಟದ ಮನೆಯೊಂದರಲ್ಲಿ, ಅಡಿಕೆ ಬೇಯಿಸುವ ಹಂಡೆಗಳ ಪಕ್ಕದಲ್ಲಿ, ಕಳೆದ ವರ್ಷ ಒಂದು ಕೆಂಪು ಕಾರನ್ನು ಕಂಡೆ. ಎರಡೇ ಆಸನ, ನೆಲಕ್ಕೆ ತಾಗುವಂತಹ ಮೈ, ಫೈಬರ್ ಹೊದಿಕೆ. ಹಿಂದೊಮ್ಮೆ ಗೋವಾದಲ್ಲಿ ತಯಾರಾಗುತ್ತಿದ್ದ ‘ಸ್ಯಾನ್ ಸ್ಟಾರ್ಮ್’ ಎಂಬ ದೇಶೀ ಸ್ಪೋರ್ಟ್ಸ್ ಕಾರು ಅದು. ಅದರ ಎಂಜಿನ್ ಜಾಮ್ ಆಗಿತ್ತು. ಹೊನ್ನಾಳಿಯಿಂದ ದಾವಣಗೆರೆಯವರೆಗೆ ಹುಡುಕಿದರೂ ಬಿಡಿಭಾಗ ಸಿಕ್ಕಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಬಂಧುಗಳ ಮಗ ಅದನ್ನು ಆಸೆಪಟ್ಟು ಕೊಂಡು ತಂದಿದ್ದ. ‘ಮಾವ, ಎಂಜಿನ್ ಇಳಿಸಿ ಕರೆಂಟ್ ಮೋಟಾರ್ ಕೂರಿಸಿದರೆ ಹೇಗೆ?’ ಎಂದು ಕೇಳಿದ. ಪಾಲಿಟೆಕ್ನಿಕ್ಕಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸುವುದನ್ನು ದಶಕಗಳ ಕಾಲ ಕಲಿಸಿದ ನಾನು ಕೊಡಬಹುದಾಗಿದ್ದ ಉತ್ತರ ಒಂದೇ: ‘ಕೂರಿಸಬಹುದಪ್ಪ, ರಸ್ತೆಗೆ ಇಳಿಸುವ ಹಾಗಿಲ್ಲ.’

ಈ ಉತ್ತರದ ಎರಡು ಭಾಗಗಳ ನಡುವೆ ಇರುವ ಅಂತರವೇ ಈ ಲೇಖನದ ವಿಷಯ.

ಮೊದಲ ಭಾಗವನ್ನು ನೋಡೋಣ. ತಾಂತ್ರಿಕವಾಗಿ ಇದು ಅಸಾಧ್ಯದ ಕೆಲಸವಲ್ಲ. ಎಂಜಿನ್, ಸೈಲೆನ್ಸರ್, ರೇಡಿಯೇಟರ್ ಮತ್ತು ಪೆಟ್ರೋಲ್ ಟ್ಯಾಂಕನ್ನು ತೆಗೆಯಬೇಕು. ಹಳೆಯ ಗೇರ್‌ಬಾಕ್ಸಿಗೆ ಮೋಟಾರನ್ನು ಜೋಡಿಸಲು ಅಳತೆಗೆ ಸರಿಯಾಗಿ ಕಡೆದ ಲೋಹದ ಫಲಕವೊಂದು ಬೇಕು. ಬಳಿಕ ಕಂಟ್ರೋಲರ್, ಚಾರ್ಜರ್, ಬ್ಯಾಟರಿ ಮತ್ತು ಅದರ ಪ್ರತಿ ಕೋಶದ ಮೇಲೆ ಕಣ್ಣಿಡುವ ನಿರ್ವಹಣಾ ವ್ಯವಸ್ಥೆ. ಪೆಟ್ರೋಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ಕಾಲು ಭಾಗದಷ್ಟನ್ನು ಮಾತ್ರ ಚಕ್ರದತ್ತ ಕಳುಹಿಸಿ ಉಳಿದುದನ್ನು ಶಾಖವಾಗಿ ಚೆಲ್ಲುತ್ತದೆ. ಮೋಟಾರ್ ಪಡೆದ ವಿದ್ಯುತ್ತಿನ ಶೇ 85ಕ್ಕೂ ಹೆಚ್ಚು ಭಾಗವನ್ನು ಕೆಲಸಕ್ಕೆ ಹಚ್ಚುತ್ತದೆ. ನಿಂತ ಜಾಗದಿಂದಲೇ ಪೂರ್ಣ ತಿರುಗುಬಲ ದೊರೆಯುವುದರಿಂದ ಹಗುರವಾದ ಸ್ಪೋರ್ಟ್ಸ್ ಕಾರಿಗೆ ಇದು ಹೇಳಿ ಮಾಡಿಸಿದ ಜೋಡಿ.

ಜಗತ್ತಿನ ವಿದ್ಯುತ್ ಕಾರುಗಳ ಚರಿತ್ರೆ ಒಂದರ್ಥದಲ್ಲಿ ಇಂತಹ ಹುಚ್ಚಿನಿಂದಲೇ ಆರಂಭವಾಯಿತು. 2008ರಲ್ಲಿ ರಸ್ತೆಗಿಳಿದ ಟೆಸ್ಲಾ ಕಂಪನಿಯ ಮೊದಲ ಕಾರು ‘ರೋಡ್‌ಸ್ಟರ್’ ರೂಪುಗೊಂಡದ್ದು ಇಂಗ್ಲೆಂಡಿನ ಲೋಟಸ್ ಎಲೀಸ್ ಎಂಬ ಪೆಟ್ರೋಲ್ ಸ್ಪೋರ್ಟ್ಸ್ ಕಾರಿನ ಅಡಿಪಾಯದ ಮೇಲೆ. ಅದಕ್ಕೂ ಏಳು ವರ್ಷ ಮೊದಲು, 2001ರಲ್ಲಿ, ನಮ್ಮ ಬೆಂಗಳೂರಿನಿಂದ ‘ರೇವಾ’ ಹೊರಬಂದಿತ್ತು. ಅದನ್ನು ರೂಪಿಸಿದ ಚೇತನ್ ಮೈನಿ ವಿದ್ಯಾರ್ಥಿಯಾಗಿದ್ದಾಗ ಅಮೆರಿಕದಲ್ಲಿ ಸೌರಶಕ್ತಿಯ ಸ್ಪರ್ಧಾ ಕಾರಿನ ತಂಡದಲ್ಲಿದ್ದವರು. ಲಂಡನ್ನಿನ ಬೀದಿಗಳಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿದ ಆ ಪುಟ್ಟ ಕಾರನ್ನು ನಾವು ಆಟಿಕೆಯೆಂದು ನಕ್ಕು ಮರೆತೆವು. 2010ರಲ್ಲಿ ಕಂಪನಿ ಮಹೀಂದ್ರಾದ ಪಾಲಾಯಿತು. ಹವ್ಯಾಸಿಗಳ ಪ್ರಯೋಗವನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಇವೆರಡು ನಿದರ್ಶನಗಳು ಸಾಕು.

ಆದರೆ ಅಪಾಯಗಳನ್ನು ಮರೆಮಾಚಬಾರದು. ಅನೇಕ ಕಾರುಗಳ ಬ್ರೇಕಿಗೆ ಬಲ ತುಂಬುವುದು ಎಂಜಿನ್ ಉಂಟುಮಾಡುವ ನಿರ್ವಾತ. ಎಂಜಿನ್ ಹೋದರೆ ಆ ಬಲವೂ ಹೋಗುತ್ತದೆ. ಪ್ರತ್ಯೇಕ ನಿರ್ವಾತ ಪಂಪ್ ಅಳವಡಿಸದವನು ಮೊದಲ ಇಳಿಜಾರಿನಲ್ಲಿಯೇ ಪಾಠ ಕಲಿಯುತ್ತಾನೆ. ನೂರೈವತ್ತು ಕಿಲೋ ತೂಗುವ ಬ್ಯಾಟರಿಯನ್ನು ಹಿಂಬದಿಯಲ್ಲಿ ತುರುಕಿದರೆ ತಿರುವಿನಲ್ಲಿ ವಾಹನದ ತೋಲ ತಪ್ಪುತ್ತದೆ. ನೂರಾರು ವೋಲ್ಟಿನ ನೇರ ವಿದ್ಯುತ್ತಿನ ಕಿಡಿ ಮನೆಯ ಕರೆಂಟಿನ ಕಿಡಿಯಂತೆ ತಾನಾಗಿ ಸುಲಭಕ್ಕೆ ಆರುವುದಿಲ್ಲ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರ್‌ಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿಗಳ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಬೇಕಾಯಿತು. ಕಾರ್ಖಾನೆಯಲ್ಲಿ ತಯಾರಾದ ವಾಹನಗಳ ಗತಿಯೇ ಹೀಗಿದ್ದಾಗ, ಊರಿನ ಗ್ಯಾರೇಜಿನ ಕೆಲಸಕ್ಕೆ ತಪಾಸಣೆ ಬೇಡವೆಂದು ಯಾರೂ ವಾದಿಸಲಾರರು.

ಇನ್ನು ಎರಡನೆಯ ಭಾಗ, ಕಾನೂನು. ಪರಿವರ್ತನೆಗೆ ಅವಕಾಶವೇ ಇಲ್ಲವೆಂದಲ್ಲ. 2016ರಲ್ಲಿಯೇ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ಹಳೆಯ ವಾಹನಗಳಿಗೆ ವಿದ್ಯುತ್ ಕಿಟ್ ಅಳವಡಿಸಲು ದಾರಿ ಮಾಡಲಾಯಿತು. ಆದರೆ ಕಿಟ್ ತಯಾರಿಸುವ ಸಂಸ್ಥೆ ಅದನ್ನು ಪುಣೆಯ ಎಆರ್‌ಎಐನಂತಹ ಅಧಿಕೃತ ಪರೀಕ್ಷಾ ಸಂಸ್ಥೆಯಲ್ಲಿ ಒರೆಗೆ ಹಚ್ಚಿ, ಇಂತಹ ಮಾದರಿಯ ವಾಹನಕ್ಕೆ ಎಂದು ಅನುಮೋದನೆ ಪಡೆಯಬೇಕು. ಆ ಬಳಿಕವಷ್ಟೇ ಸಾರಿಗೆ ಕಚೇರಿ ನೋಂದಣಿ ಪತ್ರದಲ್ಲಿ ಬದಲಾವಣೆಯನ್ನು ದಾಖಲಿಸುತ್ತದೆ. ವಾಹನದ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾಗುವ ಮಾದರಿಗೆ ಕಿಟ್ ತಯಾರಿಸಿ ಪರೀಕ್ಷೆಯ ವೆಚ್ಚ ಭರಿಸಲು ಯಾರಾದರೂ ಮುಂದೆ ಬಂದಾರು. ದೇಶದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಕಾರಿಗೆ ಯಾರು ಬರುತ್ತಾರೆ? ಒಂಟಿ ವಾಹನದ ಮಾಲೀಕನ ಪಾಲಿಗೆ ಈ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ.

ಒಬ್ಬ ಶೋಕಿಲಾಲನ ಕಾರಿಗಾಗಿ ಇಷ್ಟು ಚಿಂತೆ ಏಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸರಳ ಲೆಕ್ಕವೊಂದನ್ನು ಮಾಡೋಣ. ಪರಿವರ್ತನೆಗೆ ನಾಲ್ಕು ಲಕ್ಷ ರೂಪಾಯಿ ತಗಲುತ್ತದೆಂದು ಇಟ್ಟುಕೊಳ್ಳೋಣ. 20 ಯೂನಿಟ್ ಹಿಡಿಯುವ ಬ್ಯಾಟರಿಯಿಂದ ಸಣ್ಣ ಕಾರು ಸುಮಾರು 120 ಕಿ.ಮೀ. ಓಡಬಲ್ಲದು. ಸೋರಿಕೆ ಸೇರಿ 22 ಯೂನಿಟ್, ಯೂನಿಟ್ಟಿಗೆ 7 ರೂಪಾಯಿಯಂತೆ ಹಿಡಿದರೂ ಕಿ.ಮೀ.ಗೆ ಒಂದೂಕಾಲು ರೂಪಾಯಿ ಚಿಲ್ಲರೆ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ, ಮೈಲೇಜ್ 15 ಕಿ.ಮೀ. ಎಂದರೆ ಕಿ.ಮೀ.ಗೆ ಆರೂಮುಕ್ಕಾಲು ರೂಪಾಯಿಯ ಹತ್ತಿರ. ಉಳಿತಾಯ ಐದೂವರೆ ರೂಪಾಯಿಯ ಸನಿಹ. ಹಾಕಿದ ಬಂಡವಾಳ ಹಿಂದಿರುಗಲು ಸುಮಾರು 75 ಸಾವಿರ ಕಿ.ಮೀ. ಓಡಬೇಕು. ವಾರಾಂತ್ಯಕ್ಕೆ ಮಾತ್ರ ಹೊರಬಂದು ವರ್ಷಕ್ಕೆ ಮೂರು ಸಾವಿರ ಕಿ.ಮೀ. ಓಡುವ ಸ್ಪೋರ್ಟ್ಸ್ ಕಾರಿಗೆ ಅದು ಇಪ್ಪತ್ತೈದು ವರ್ಷಗಳ ಮಾತು. ಅಂದರೆ ಅದು ಶುದ್ಧ ಶೋಕಿ. ಆದರೆ ಹಳೆಯ ವ್ಯಾನಿನಲ್ಲಿ ದಿನಸಿ, ತರಕಾರಿ ಸಾಗಿಸುತ್ತ ದಿನಕ್ಕೆ 80 ಕಿ.ಮೀ.ಯಂತೆ ವರ್ಷದಲ್ಲಿ ಮುನ್ನೂರು ದಿನ ದುಡಿಯುವವನಿಗೆ? ಲೆಕ್ಕ ತುಸು ಹೆಚ್ಚುಕಡಿಮೆಯಾದರೂ ಮೂರು, ಮೂರೂವರೆ ವರ್ಷಗಳಲ್ಲಿ ಅಸಲು ಕೈಸೇರುತ್ತದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಭೂಗೋಳ ಈ ಲೆಕ್ಕಕ್ಕೆ ಒಪ್ಪುವಂತಿದೆ. ಹಳ್ಳಿಯಿಂದ ಪೇಟೆಗೆ, ಪೇಟೆಯಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುವ ವಾಹನದ ದಾರಿ ನಿಶ್ಚಿತ, ದೂರ ಮಿತ. ಚನ್ನಗಿರಿಯ ಅಡಿಕೆ ಬೆಳೆಗಾರ ಹೊಸ ಕಾರು ಕೊಂಡಾನು. ಮಳೆಯನ್ನೇ ನಂಬಿದ ಜಗಳೂರಿನ ಮೆಕ್ಕೆಜೋಳದ ರೈತನ ಮಗ ಬಾಡಿಗೆಗೆ ಓಡಿಸುವುದು ಮೂರನೆಯ ಕೈ ದಾಟಿ ಬಂದ ವ್ಯಾನನ್ನು. ಹದಿನೈದು ವರ್ಷ ತುಂಬಿದ ಕಾರಿನ ಮರುನೋಂದಣಿ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿತು. ಹಳೆಯದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿ ಎಂಬುದೇ ಇದರ ಸಂದೇಶ. ಕೊಳ್ಳಲಾಗದವನಿಗೆ ಸಂದೇಶವೇನು?

ತೆರಿಗೆಯ ನೀತಿಯೂ ಇದೇ ದಿಕ್ಕಿನಲ್ಲಿದೆ. ಹೊಸ ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ 5. ಅದರೊಳಗಿನ ಬ್ಯಾಟರಿಗೂ ಗ್ರಾಹಕ ತೆರುವುದು ಅಷ್ಟೇ. ಅದೇ ಲಿಥಿಯಂ ಬ್ಯಾಟರಿಯನ್ನು ಹಳೆಯ ವಾಹನಕ್ಕೆಂದು ಬಿಡಿಯಾಗಿ ಕೊಂಡರೆ ಶೇ 18. ಇರುವ ಮೈಯನ್ನು ಉಳಿಸಿಕೊಳ್ಳುವವನು ಹೊಸ ಉಕ್ಕನ್ನೂ ಹೊಸ ಬಣ್ಣವನ್ನೂ ಬಯಸದೆ ಪರಿಸರಕ್ಕೆ ಉಪಕಾರ ಮಾಡುತ್ತಾನೆ. ಆದರೂ ದಂಡ ತೆರುವವನು ಅವನೇ.

ನಮ್ಮ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದು, ಹೊಗೆಯನ್ನು ಊರಿನಿಂದ ಊರಿಗೆ ಸ್ಥಳಾಂತರಿಸಿದರೆ ಏನು ಲಾಭ ಎಂಬ ಆಕ್ಷೇಪವೂ ಇದೆ. ದೇಶದ ಮಟ್ಟಿಗೆ ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ 1,035 ಮೆಗಾವಾಟ್‌ನ ಶರಾವತಿ, 2,050 ಮೆಗಾವಾಟ್‌ನ ಪಾವಗಡ ಸೌರ ಉದ್ಯಾನ ಮತ್ತು ಚಿತ್ರದುರ್ಗದ ಗಾಳಿಯಂತ್ರಗಳನ್ನು ಹೊಂದಿರುವ ಕರ್ನಾಟಕದಲ್ಲಿ ಅದರ ತೀವ್ರತೆ ಕಡಿಮೆ. ಹಗಲಿನ ಸೌರ ವಿದ್ಯುತ್ತಿನಲ್ಲಿ ಚಾರ್ಜ್ ಮಾಡುವ ರೂಢಿ ಬೆಳೆದರೆ ಇನ್ನೂ ಕಡಿಮೆಯಾಗುತ್ತದೆ.

ಕಾನೂನು ತಡವಾದರೆ ಏನಾಗುತ್ತದೆಂಬುದನ್ನು ನಾವು ಒಮ್ಮೆ ಕಂಡಿದ್ದೇವೆ. ತೊಂಬತ್ತರ ದಶಕದಲ್ಲಿ ಅಡುಗೆ ಅನಿಲದ ಸಿಲಿಂಡರನ್ನು ವ್ಯಾನಿನ ಹಿಂಬದಿಯಲ್ಲಿ ಮಲಗಿಸಿ ಓಡಿಸುತ್ತಿದ್ದವರು ನಮ್ಮ ಜಿಲ್ಲೆಯಲ್ಲೂ ಇದ್ದರು. ನಿಷೇಧ ಇತ್ತು, ಓಡಾಟವೂ ಇತ್ತು. 2000ದಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಮರುವರ್ಷ ನಿಯಂತ್ರಣ ಆದೇಶ ಬಂದು, ಪ್ರಮಾಣಿತ ಟ್ಯಾಂಕ್ ಮತ್ತು ಅಧಿಕೃತ ಅಳವಡಿಕೆ ಕೇಂದ್ರಗಳು ಹುಟ್ಟಿಕೊಂಡ ಮೇಲೆ ಬೆಂಗಳೂರಿನ ಆಟೊಗಳು ಸಾಲುಸಾಲಾಗಿ ಅನಿಲಕ್ಕೆ ತಿರುಗಿದವು. ಇಂದು ಬ್ಯಾಟರಿಯ ವಿಷಯದಲ್ಲಿ ನಾವು ಮತ್ತೆ ಆ ತೊಂಬತ್ತರ ದಶಕದ ಹೊಸ್ತಿಲಲ್ಲಿದ್ದೇವೆ. ಬ್ಯಾಟರಿಯ ಜಾಗತಿಕ ಸರಾಸರಿ ಬೆಲೆ ಕಿಲೋವಾಟ್-ಗಂಟೆಗೆ 2010ರಲ್ಲಿ ಸಾವಿರ ಡಾಲರ್ ಮೀರಿದ್ದುದು 2024ರಲ್ಲಿ 115 ಡಾಲರಿಗೆ ಇಳಿದಿದೆ. ಅಗ್ಗವಾದ ವಸ್ತು ಗ್ಯಾರೇಜಿಗೆ ಬಂದೇ ಬರುತ್ತದೆ. ತಪಾಸಣೆಯ ಸಮೇತ ಬರಬೇಕೇ, ಕದ್ದುಮುಚ್ಚಿ ಬರಬೇಕೇ ಎಂಬುದಷ್ಟೇ ಸರ್ಕಾರದ ಕೈಯಲ್ಲಿದೆ.

ಫ್ರಾನ್ಸ್ 2020ರಲ್ಲಿ ಇಂತಹ ಪರಿವರ್ತನೆಗೆ ಪ್ರತ್ಯೇಕ ನಿಯಮ ರೂಪಿಸಿತು. ನಾವು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಒಂಟಿ ವಾಹನವನ್ನು ಜಿಲ್ಲಾ ಮಟ್ಟದಲ್ಲಿಯೇ ಪರೀಕ್ಷಿಸುವ ವ್ಯವಸ್ಥೆ ಮಾಡಬಹುದು. ದಾವಣಗೆರೆಯಲ್ಲಿ 1951ರಿಂದ ಎಂಜಿನಿಯರಿಂಗ್ ಕಲಿಸುತ್ತಿರುವ ಯುಬಿಡಿಟಿ ಕಾಲೇಜಿದೆ. ಬ್ರೇಕ್, ಅಚ್ಚಿನ ಮೇಲಿನ ತೂಕ, ವಿದ್ಯುತ್ ನಿರೋಧನ, ತುರ್ತು ಕಡಿತದ ಸ್ವಿಚ್, ಇವಿಷ್ಟನ್ನು ಪರೀಕ್ಷಿಸಿ ಸಾರಿಗೆ ಇಲಾಖೆಗೆ ಪ್ರಮಾಣಪತ್ರ ನೀಡುವ ಹೊಣೆಯನ್ನು ಅಂತಹ ಕಾಲೇಜುಗಳಿಗೆ ವಹಿಸಲು ಅಡ್ಡಿಯೇನು? ಬ್ಯಾಟರಿ ಕೋಶಗಳು ಮಾತ್ರ ಕಡ್ಡಾಯವಾಗಿ ಪ್ರಮಾಣಿತ ತಯಾರಕರವೇ ಆಗಿರಲಿ. ತಾಲ್ಲೂಕು ಕೇಂದ್ರಗಳ ಮೆಕ್ಯಾನಿಕ್‌ಗಳಿಗೆ ಐಟಿಐಗಳಲ್ಲಿ ಅಲ್ಪಾವಧಿ ತರಬೇತಿ ಕೊಟ್ಟು ಪರವಾನಗಿ ನೀಡಲಿ. ಬಿಡಿ ಬ್ಯಾಟರಿಯ ತೆರಿಗೆಯನ್ನು ಹೊಸ ಕಾರಿನ ಮಟ್ಟಕ್ಕೆ ಇಳಿಸಲಿ. 2017ರಲ್ಲಿ ದೇಶದಲ್ಲೇ ಮೊದಲಿಗೆ ವಿದ್ಯುತ್ ವಾಹನ ನೀತಿ ಪ್ರಕಟಿಸಿದ ಕರ್ನಾಟಕ ಈ ಬೇಡಿಕೆಯನ್ನು ಕೇಂದ್ರದ ಮುಂದಿಡಲು ಎಲ್ಲರಿಗಿಂತ ಹೆಚ್ಚು ಅರ್ಹ.

ನ್ಯಾಮತಿಯ ಆ ಹುಡುಗನ ಕಾರು ಈಗಲೂ ಅಲ್ಲಿಯೇ ಇದೆ. ಅದು ಓಡದಿದ್ದರೆ ಅವನ ಸಂಬಳಕ್ಕೇನೂ ಕುಂದಿಲ್ಲ. ಆದರೆ ಆ ಕೊಟ್ಟಿಗೆಗೆ ಅಡಿಕೆ ಸುಲಿಯುವವರನ್ನು ಕರೆತರುವ ವ್ಯಾನಿಗೆ ಈ ವರ್ಷ ಹದಿನೈದು ತುಂಬುತ್ತದೆ. ಅದರ ಚಾಲಕ ನನ್ನನ್ನು ಕೇಳಿದ ಪ್ರಶ್ನೆಯೂ ಅದೇ ಆಗಿತ್ತು: ‘ಮೇಷ್ಟ್ರೇ, ನಮ್ಮ ಗಾಡಿಗೂ ಮೋಟಾರ್ ಹಾಕ್ತಾರಂತಾ?’ ಅವನಿಗೂ ಅದೇ ಉತ್ತರ ಹೇಳಬೇಕಾಗಿ ಬಂದುದಕ್ಕೆ ನನಗೆ ನಾಚಿಕೆಯಾಯಿತು.