ಮಣ್ಣಿನ ಆಟಕ್ಕೆ ಮ್ಯಾಟು ಬೇಕು

2025ರ ಜನವರಿ 19ರಂದು ದೆಹಲಿಯಲ್ಲಿ ಭಾರತದ ಪುರುಷರ ಹಾಗೂ ಮಹಿಳೆಯರ ಖೋಖೋ ತಂಡಗಳೆರಡೂ ನೇಪಾಳವನ್ನು ಮಣಿಸಿ ಮೊದಲ ವಿಶ್ವಕಪ್ ಗೆದ್ದವು. ಪುರುಷರ ಗೆಲುವು 54-36, ಮಹಿಳೆಯರದು 78-40. ನಮ್ಮ ರಾಜ್ಯದ ಎಂ.ಕೆ. ಗೌತಮ್, ಬಿ. ಚೈತ್ರಾ ಆ ತಂಡಗಳಲ್ಲಿದ್ದರು.

ರಾಷ್ಟ್ರೀಯ ತಂಡದ ಚರಿತ್ರೆ ಚಿಕ್ಕದು. 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ದೊರೆತ ಚಿನ್ನವೂ ಬಹುಜನರ ನೆನಪಿನಲ್ಲಿಲ್ಲ. ಆಟ ಮಾತ್ರ ಹಳೆಯದು. ಅದರ ನಿಯಮಗಳು ರೂಪುಗೊಂಡದ್ದು 1914ರ ಸುಮಾರಿಗೆ, ಪುಣೆಯಲ್ಲಿ. ಆ ಸೀಮೆಯ ಗಾಳಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಗೆ ಹೊಸದಲ್ಲ. ಕಾಗವಾಡ ದಾಟಿದರೆ ಮಿರಜ್.

ಆದರೆ ವಿಶ್ವಕಪ್ ನಡೆದದ್ದು ಮ್ಯಾಟಿನ ಮೇಲೆ. ಇಲ್ಲಿನ ಹೆಚ್ಚಿನ ಮಕ್ಕಳು ಕಲಿಯುವುದು ಶಾಲೆಯ ಬಯಲಿನಲ್ಲಿ. ಮಣ್ಣಿನಲ್ಲಿ ಬೆರಳೂರಿ ತಿರುಗಿದ ಪಾದಕ್ಕೆ ಮ್ಯಾಟಿನ ಹಿಡಿತವೇ ಬೇರೆ. ಎದುರಾಳಿಯನ್ನು ಮುಟ್ಟಲು ಮೈಚೆಲ್ಲಿ ಹಾರುವ ಧೈರ್ಯವೂ ಗಟ್ಟಿನೆಲದಲ್ಲಿ ಸುಲಭವಾಗಿ ಬಾರದು. ಆಯ್ಕೆ ಶಿಬಿರದಲ್ಲೇ ಮೊದಲ ಸಲ ಮ್ಯಾಟು ಕಂಡ ಹುಡುಗಿ ತಡವರಿಸಿದರೆ ತಪ್ಪು ಅವಳದೆನ್ನಲು ನನಗೆ ಮನಸ್ಸಾಗದು.

ಗೆದ್ದವರಿಗೆ ಕೊಡಬೇಕಾದ ಬಹುಮಾನದ ಚರ್ಚೆ ನ್ಯಾಯವೇ. ಅದರ ಜೊತೆಗೆ ಈ ಐದು ತಾಲ್ಲೂಕುಗಳಲ್ಲಿ ತಲಾ ಒಂದು ಮ್ಯಾಟು, ಅದನ್ನು ಮಳೆಯಿಂದ ಕಾಯುವ ಸೂರು, ಒಬ್ಬ ಕಾಯಂ ತರಬೇತುದಾರರನ್ನು ಕ್ರೀಡಾ ಇಲಾಖೆ ಮುಂದಿನ ಬಜೆಟ್ಟಿನಲ್ಲಿ ಕೇಳಲಿ.